ಸಂದೇಹವಿದ್ದರೆ ರಿಜೆಕ್ಟ್

ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂರು ವಾರದಿಂದ ಓಡಾಡುತ್ತಿರುವ ಕಥೆಯ ಪ್ರಕಾರ, ಕ್ವಾಲಿಟಿ ವಿಭಾಗದ ಕ್ರಿಕೆಟ್ ತಂಡ ಪ್ರೊಡಕ್ಷನ್ ವಿಭಾಗದ ಎದುರು ನೂರಾ ಆರು ರನ್ನುಗಳಿಂದ ಸೋತದ್ದಕ್ಕೆ ನಾನೊಬ್ಬನೇ ಕಾರಣ. ಈ ಕಥೆಯ ಕರ್ತೃ ಅನ್ನ ಬಡಿಸುವ ಸಿದ್ದಣ್ಣ. ಅವನು ಆ ಸಂಜೆ ಮೈದಾನದ ಕಡೆ ತಲೆಯನ್ನೂ ಹಾಕಿರಲಿಲ್ಲ. ಮೊದಲ ವಾರ ಅವನ ಕಥೆಯಲ್ಲಿ ನಾನು ಅಂಪೈರಾಗಿ ನಿಂತು ನಮ್ಮದೇ ತಂಡದ ಐದು ಜನಕ್ಕೆ ಔಟ್ ಕೊಟ್ಟಿದ್ದೆ. ಎರಡನೆಯ ವಾರ ಅದು ಏಳಾಯಿತು. ಮೊನ್ನೆ ಸೋಮವಾರ ಒಂಬತ್ತಾಗಿದೆ. ಹೀಗೇ ಬಿಟ್ಟರೆ ದೀಪಾವಳಿಯ ಹೊತ್ತಿಗೆ ತಂಡದಲ್ಲಿ ಇದ್ದವರಿಗಿಂತ ಹೆಚ್ಚು ಜನರನ್ನು ನಾನು ಔಟ್ ಮಾಡಿರುತ್ತೇನೆ.

ನಿಜವಾದ ಸಂಖ್ಯೆ ನಾಲ್ಕು. ಉಳಿದ ಆರು ಜನ ಯಾರ ಸಹಾಯವೂ ಇಲ್ಲದೆ ಸ್ವಂತ ಪರಿಶ್ರಮದಿಂದ ಔಟಾದರು. ಅವರಲ್ಲಿ ನಾನೂ ಒಬ್ಬ. ನೂರಾ ನಲವತ್ತಮೂರು ರನ್ ಬೆನ್ನಟ್ಟಲು ಹೋಗಿ ಮೂವತ್ತೇಳಕ್ಕೆ ಮುಗಿದ ತಂಡಕ್ಕೆ ಆ ನಾಲ್ವರನ್ನೂ ವಾಪಸು ಕೊಟ್ಟರೂ ಐವತ್ತು ದಾಟುತ್ತಿರಲಿಲ್ಲ ಎಂಬುದನ್ನು ನಾನು ಲೆಕ್ಕ ಸಮೇತ ತೋರಿಸಬಲ್ಲೆ. ತೋರಿಸಿಯೂ ಇದ್ದೇನೆ. ಯಾರಿಗೂ ಬೇಕಾಗಿಲ್ಲ. ಕಥೆಗೊಂದು ಉಪಕಥೆಯೂ ಇದೆ: ಪ್ರೊಡಕ್ಷನ್ ಕ್ಯಾಪ್ಟನ್ ಮಂಜನ ತಂಗಿಯ ಜೊತೆ ನನ್ನ ಮದುವೆ ಮಾತುಕತೆ ನಡೆದಿದೆ, ಆದ್ದರಿಂದ ನಾನು ಭಾವನ ಕಡೆ ವಾಲಿದೆ. ಮಂಜನಿಗೆ ತಂಗಿಯೇ ಇಲ್ಲ. ಇದನ್ನು ಸಿದ್ದಣ್ಣನಿಗೆ ಹೇಳಿದೆ. ಅವನು ಸೌಟನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ಸ್ವಲ್ಪ ಯೋಚಿಸಿ, "ಅದ್ಕೇ ನೋಡಿ ಸಾ, ಮಾತುಕತೆ ಮುಂದಕ್ಕೇ ಓಯ್ತಿಲ್ಲ" ಎಂದ. ವಾದಕ್ಕೆ ನಾನು ಹೆದರುವವನಲ್ಲ. ಆದರೆ ಸೌಟು ಹಿಡಿದವನ ಜೊತೆ ವಾದಕ್ಕೆ ನಿಂತರೆ ನಮ್ಮ ತಟ್ಟೆಗೆ ಬೀಳುವ ಸಾರು ದಿನೇದಿನೇ ತೆಳ್ಳಗಾಗುತ್ತದೆ. ಮೂರು ವಾರದ ತೆಳು ಸಾರು ಮನುಷ್ಯನನ್ನು ಬಳಲಿಸುತ್ತದೆ. ಹಾಗಾಗಿ ಒಂದೇ ಸಲ ಬರೆದು ಮುಗಿಸೋಣ ಎಂದು ಕೂತಿದ್ದೇನೆ.

ನನಗೆ ವಾದದ ಚಟ ಹತ್ತಿದ್ದು ಕಾಲೇಜಿನಲ್ಲಿ. ಚರ್ಚಾಸ್ಪರ್ಧೆಗೆ ಹೆಸರು ಕೊಡುವಾಗ ವಿಷಯ ಏನೆಂದು ಗೊತ್ತಾಗುವ ಮೊದಲೇ ನಾನು ವಿರುದ್ಧದ ಕಡೆ ಎಂದು ಬರೆಸಿರುತ್ತಿದ್ದೆ. ಮನೆಯ ಶೋಕೇಸಿನಲ್ಲಿ ಒಂಬತ್ತು ಕಪ್ಪುಗಳಿವೆ. ಅವುಗಳಲ್ಲಿ ದೊಡ್ಡದರೊಳಗೆ ಅಮ್ಮ ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಇಡುತ್ತಾಳೆ. ಅವಳ ಪ್ರಕಾರ ಆ ಕಪ್ಪುಗಳಿಂದ ಮನೆಗೆ ಆದ ಉಪಯೋಗ ಅಷ್ಟೇ. "ಕಾಫಿಗೆ ಸಕ್ಕರೆ ಸಾಕೇನೋ" ಎಂದು ಕೇಳಿದರೆ "ಯಾವುದಕ್ಕೆ ಹೋಲಿಸಿದರೆ" ಎಂದು ಮರುಪ್ರಶ್ನೆ ಹಾಕುವ ಮಗನನ್ನು ಸಾಕುವುದು ಸುಲಭವಲ್ಲ. ಈಗ ಅವಳು ಕೇಳುವುದನ್ನೇ ಬಿಟ್ಟಿದ್ದಾಳೆ. ಲೋಟದ ಪಕ್ಕದಲ್ಲಿ ಸಕ್ಕರೆ ಡಬ್ಬ ಕುಕ್ಕಿ ಒಳಗೆ ಹೋಗುತ್ತಾಳೆ.

ಇಂಥವನಿಗೆ ಸಿಕ್ಕ ಕೆಲಸ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಶಾಫ್ಟುಗಳನ್ನು ಅಳೆದು ಇದು ಸರಿ, ಇದು ಸರಿಯಿಲ್ಲ ಎನ್ನುವುದು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಲು ಸಂಬಳ ಕೊಡುವ ಜಾಗವೊಂದು ಲೋಕದಲ್ಲಿದೆ ಎಂದು ಗೊತ್ತಾದ ದಿನ ನನಗೆ ನಿಜಕ್ಕೂ ಸಂತೋಷವಾಗಿತ್ತು. ಸರಿಯಾದ ಶಾಫ್ಟು ಹಸಿರು ತೊಟ್ಟಿಗೆ, ಕೆಟ್ಟದ್ದು ಕೆಂಪು ತೊಟ್ಟಿಗೆ. ಸರಿಯೋ ಕೆಟ್ಟದ್ದೋ ತಿಳಿಯದಿದ್ದಾಗ ಏನು ಮಾಡಬೇಕೆಂಬುದನ್ನು ನಮ್ಮ ತಪಾಸಣೆ ಕೋಣೆಯ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದಾರೆ: ಸಂದೇಹವಿದ್ದರೆ ರಿಜೆಕ್ಟ್. ಮೇಲೊಂದು ಗೀರು ಕಂಡಂತಾಯಿತೇ, ಅದು ಗೀರೋ ಟ್ಯೂಬ್‌ಲೈಟಿನ ನೆರಳೋ ಗೊತ್ತಾಗಲಿಲ್ಲವೇ, ಯೋಚಿಸುತ್ತಾ ನಿಲ್ಲಬೇಡ, ಕೆಂಪು ತೊಟ್ಟಿಗೆ ಹಾಕು. ಕೆಟ್ಟ ಶಾಫ್ಟೊಂದು ನಮ್ಮ ಕಣ್ತಪ್ಪಿಸಿ ಹೋಗಿ ಯಾರದೋ ಲಾರಿಯನ್ನು ಘಾಟಿಯ ತಿರುವಿನಲ್ಲಿ ನಿಲ್ಲಿಸುವುದಕ್ಕಿಂತ ಒಳ್ಳೆಯ ಶಾಫ್ಟೊಂದು ಅನ್ಯಾಯವಾಗಿ ಕೆಂಪು ತೊಟ್ಟಿಯಲ್ಲಿ ಮಲಗುವುದು ಮೇಲು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಇದನ್ನು ನನಗೆ ಮೂರು ಸಲ ಹೇಳಿ ಬಾಯಿಪಾಠ ಮಾಡಿಸಿದವರು ಗಂಗಾಧರಯ್ಯನವರು.

ಗಂಗಾಧರಯ್ಯನವರು ನಮ್ಮ ಅಳತೆ ಸಾಧನಗಳ ಕೋಣೆಯ ಮುಖ್ಯಸ್ಥರು, ಐವತ್ತೆರಡು ವರ್ಷದವರು, ಮತ್ತು ಹದಿನಾರು ವರ್ಷದಿಂದ ನಮ್ಮ ಕ್ರಿಕೆಟ್ ತಂಡದ ಕ್ಯಾಪ್ಟನ್. ನಾನು ಎಲ್ಲದಕ್ಕೂ ಎದುರು ಮಾತಾಡುತ್ತೇನೆಂದು ನನ್ನನ್ನು "ಲಾಯರ್ರೇ" ಎಂದು ಕರೆಯುವವರು ಅವರೇ. ಪಂದ್ಯದ ಹಿಂದಿನ ದಿನ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಇದೇ ಕೊನೇದು ಕಣಯ್ಯಾ, ಮೊಣಕಾಲು ಹೋಗಿದೆ, ಮುಂದಿನ ವರ್ಷ ಆಗಲ್ಲ" ಎಂದರು. ಆಮೇಲೆ ಆ ಮೊಣಕಾಲನ್ನೇ ನೀವಿಕೊಳ್ಳುತ್ತಾ, "ನಾಳೆ ಮನೆಯವರು ಬರ್ತಾರೆ" ಎಂದರು. ಈ ಸಲ ಮ್ಯಾನೇಜ್‌ಮೆಂಟಿನವರು ಕುಟುಂಬದವರನ್ನೂ ಕರೆತರಬಹುದೆಂದು ನೋಟಿಸು ಹಾಕಿದ್ದರು. ಗಂಗಾಧರಯ್ಯನವರ ಹೆಂಡತಿ ಸುಮಿತ್ರಮ್ಮ ಗಂಡ ಬ್ಯಾಟ್ ಹಿಡಿದದ್ದನ್ನು ಒಮ್ಮೆಯೂ ನೋಡಿದವರಲ್ಲ. "ಹದಿನಾರು ವರ್ಷದಿಂದ ಮನೇಲಿ ನನ್ ಆಟದ ಕಥೆ ಕೇಳಿದಾಳೆ ಕಣಯ್ಯಾ. ಒಂದನ್ನೂ ನಂಬಿಲ್ಲ. ನಾಳೆ ಒಂದಿಪ್ಪತ್ತು ರನ್ ಹೊಡೆದ್ರೆ ಸಾಕು." ತಂಡ ಗೆಲ್ಲುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹದಿನಾರು ವರ್ಷದಲ್ಲಿ ಕ್ವಾಲಿಟಿ ಎರಡು ಸಲ ಗೆದ್ದಿದೆ, ಅದರಲ್ಲೊಂದು ಮಳೆ ಬಂದು.

ನಮ್ಮ ಶೆಡ್ಡುಗಳ ಹಿಂದೆ ಶಾಲೆಯೊಂದರ ಮೈದಾನವಿದೆ. ಅಲ್ಲಿ ನಾಲ್ಕು ಕಂಬಕ್ಕೆ ದೀಪ ಕಟ್ಟಿಸಿದ್ದರು. ಸಂಜೆ ಐದಕ್ಕೆ ಆಟ ಶುರು. ಬೆಳಗ್ಗೆ ಆರಕ್ಕೆ ಶಿಫ್ಟಿಗೆ ಬಂದು, ನಡುವೆ ಓವರ್‌ಟೈಮ್ ಮುಗಿಸಿ, ಐದಕ್ಕೆ ಬಿಳಿ ಪ್ಯಾಂಟು ಹಾಕಿಕೊಳ್ಳುವವನ ಮುಖದಲ್ಲಿ ಕ್ರೀಡಾ ಮನೋಭಾವ ಎಷ್ಟಿರುತ್ತದೋ ನಮ್ಮ ಮುಖಗಳಲ್ಲಿ ಅಷ್ಟೇ ಇತ್ತು. ಪ್ರೊಡಕ್ಷನ್‌ನವರು ಬೇರೆ ಜಾತಿಯ ಜನ. ಅವರು ದಿನವಿಡೀ ಕಬ್ಬಿಣ ಎತ್ತಿಳಿಸುವವರು. ಬ್ಯಾಟು ಅವರ ಕೈಯಲ್ಲಿ ಹಲ್ಲುಕಡ್ಡಿಯ ಹಾಗೆ ಕಾಣುತ್ತದೆ. ಜೊತೆಗೆ ಅವರಿಗೆ ವರ್ಷಪೂರ್ತಿಯ ಸಿಟ್ಟಿರುತ್ತದೆ. ಆ ದಿನ ಬೆಳಗ್ಗೆಯಷ್ಟೇ ಮಂಜನ ಮೆಷಿನ್ನಿನಿಂದ ಬಂದ ನಲವತ್ತೆರಡು ಶಾಫ್ಟುಗಳನ್ನು ನಾನು ಕೆಂಪು ತೊಟ್ಟಿಗೆ ಹಾಕಿದ್ದೆ. ಟಾಸಿನ ಹೊತ್ತಿಗೆ ಅವನು ನನ್ನ ಹೆಗಲ ಮೇಲೆ ಕೈ ಹಾಕಿ, "ನಲ್ವತ್ತೆರಡು ಗುರು. ಲೆಕ್ಕ ಇಟ್ಕೊಂಡಿದೀನಿ" ಎಂದು ನಕ್ಕ.

ಅವರು ಮೊದಲು ಆಡಿದರು. ಹನ್ನೆರಡು ಓವರಿನ ಆಟ. ಆರನೆಯ ಓವರಿನ ಹೊತ್ತಿಗೆ ಅವರು ಅರವತ್ತು ದಾಟಿದ್ದರು. ಆಗ ನಾನೊಂದು ಕೆಲಸ ಮಾಡಿದೆ. ಬೌಂಡರಿಯಾಚೆಯಿಂದ ಚೆಂಡು ಹೆಕ್ಕಿ ತಂದವನು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದೆ; ಆಕಾರ ಸರಿಯಿಲ್ಲ ಅನ್ನಿಸಿತು. ಜೇಬಿನಲ್ಲಿ ವರ್ನಿಯರ್ ಇತ್ತು. ಯಾಕಿತ್ತು ಎಂದು ಕೇಳಬೇಡಿ, ಕ್ವಾಲಿಟಿಯವರ ಜೇಬಿನಲ್ಲಿ ಅದು ಇರುತ್ತದೆ, ಬೇರೆಯವರ ಜೇಬಿನಲ್ಲಿ ಬಾಚಣಿಗೆ ಇರುವ ಹಾಗೆ. ಎರಡು ಕಡೆ ಅಳೆದೆ. ಎರಡೂವರೆ ಮಿಲಿಮೀಟರ್ ವ್ಯತ್ಯಾಸ. ಚೆಂಡು ಗುಂಡಗಿಲ್ಲ, ಆಟ ನಿಲ್ಲಿಸಿ ಎಂದೆ. ನಮ್ಮ ತಂಡದ ಇನ್ನಿಬ್ಬರು ಬಂದು ತಮ್ಮ ತಮ್ಮ ವರ್ನಿಯರಿನಲ್ಲಿ ಅಳೆದು ನನ್ನ ಅಳತೆಯನ್ನು ದೃಢಪಡಿಸಿದರು. ಮೈದಾನದ ನಡುವೆ ಐದು ನಿಮಿಷ ತಪಾಸಣೆ ನಡೆಯಿತು. ಕ್ರೀಸಿನಲ್ಲಿ ಬ್ಯಾಟಿಗೆ ಒರಗಿ ನಿಂತಿದ್ದ ಮಂಜ, "ಬಾಲ್‌ನೂ ರಿಜೆಕ್ಟ್ ಮಾಡಿದ್ರಾ ಮಗಾ, ಮಾಡಿ ಮಾಡಿ, ಸ್ಟೋರ್ಸಲ್ಲಿ ಹೊಸಾದಿದೆ" ಎಂದ. ಹೊಸ ಚೆಂಡು ಬಂತು. ಅದು ಎಲ್ಲ ಕಡೆಯಿಂದಲೂ ಗುಂಡಗಿತ್ತು, ಆದ್ದರಿಂದ ಇನ್ನೂ ದೂರ ಹೋಯಿತು. ವಾದದಲ್ಲಿ ಗೆದ್ದು ಆಟದಲ್ಲಿ ಸೋಲುವುದು ಹೇಗೆಂಬುದರ ಮೊದಲ ಪಾಠ ನನಗೆ ಅಲ್ಲೇ ಸಿಕ್ಕಿತ್ತು. ನಾನು ಅದನ್ನು ಗಮನಿಸಲಿಲ್ಲ.

ಈಗ ಅಂಪೈರ್ ವಿಷಯ. ನಮ್ಮ ಪಂದ್ಯಕ್ಕೆ ಹೊರಗಿನ ಅಂಪೈರು ಬರುವುದಿಲ್ಲ. ಬ್ಯಾಟ್ ಮಾಡುವ ತಂಡವೇ ತನ್ನವರಿಬ್ಬರನ್ನು ನಿಲ್ಲಿಸಬೇಕು. ಇದು ಹಳೆಯ ಪದ್ಧತಿ. ಇದರಿಂದಾಗಿ ನಮ್ಮ ಕಾರ್ಖಾನೆಯ ಚರಿತ್ರೆಯಲ್ಲಿ ಯಾರೂ ಎಲ್‌ಬಿಡಬ್ಲ್ಯು ಆದದ್ದಿಲ್ಲ, ಸ್ಟಂಪು ಕಿತ್ತು ಬಿದ್ದ ಹೊರತು ಯಾರೂ ಔಟಾಗುವುದೇ ಅಪರೂಪ. ಗಂಗಾಧರಯ್ಯನವರು ಪ್ಯಾಡು ಕಟ್ಟಿಕೊಳ್ಳುತ್ತಾ, "ಲಾಯರ್ರೇ, ನೀನು ಹನ್ನೊಂದನೇ ಬ್ಯಾಟ್ಸ್‌ಮನ್ನು, ಸುಮ್ನೆ ಕೂತಿರ್ತೀಯ, ಹೋಗಿ ಅಂಪೈರ್ ನಿಂತ್ಕೋ" ಎಂದರು. ನಾನು ಹೋಗಿ ನಿಂತೆ. ಬೌಂಡರಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಮೊದಲ ಸಾಲಿನಲ್ಲಿ ಸುಮಿತ್ರಮ್ಮನವರು ತೊಡೆಯ ಮೇಲೆ ದೊಡ್ಡದೊಂದು ಸ್ಟೀಲಿನ ಡಬ್ಬ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಇಡೀ ತಂಡಕ್ಕೆ ಚಿತ್ರಾನ್ನ ಮಾಡಿ ತಂದಿದ್ದರಂತೆ.

ಮಂಜ ದೀಪದ ಕಂಬದಿಂದ ಓಡಿ ಬಂದ. ಮೊದಲ ಚೆಂಡು ಸ್ಟಂಪಿನಿಂದ ಒಂದು ಗೇಣು ಆಚೆ ಬಿತ್ತು. ಗಂಗಾಧರಯ್ಯನವರು ಮುಂದಿನ ಕಾಲು ಚಾಚಿ ಬ್ಯಾಟು ಬೀಸಿದರು. ಚೆಂಡು ಹಿಂದೆ ಕೀಪರನ ಕೈಸೇರಿತು. ನಡುವೆ ಎಲ್ಲೋ ಒಂದು ಟಿಕ್ ಶಬ್ದ. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸು ಒಂದೇ ಸಮ ಧಡ್ ಧಡ್ ಅನ್ನುತ್ತಿತ್ತು. ಟಿಕ್ ಅಂದದ್ದು ಬ್ಯಾಟೋ, ಪ್ಯಾಡಿನ ಬಕಲ್ಲೋ, ಅವರ ಮೊಣಕಾಲೋ, ಪ್ರೆಸ್ಸಿನ ಯಾವುದಾದರೂ ಸಣ್ಣ ಅಂಗವೋ ತಿಳಿಯಲಿಲ್ಲ. ಪ್ರೊಡಕ್ಷನ್ನಿನ ಹನ್ನೊಂದು ಜನವೂ ಕೈ ಮೇಲೆತ್ತಿ ನನ್ನ ಕಡೆ ತಿರುಗಿದರು. ಅವರು ಅಪೀಲು ಮಾಡಿದ್ದು ಎಲ್ಲರೂ ಮಾಡುವ ಹಾಗಲ್ಲ. ನನ್ನನ್ನು ಅಣಕಿಸಲು ಮೊದಲೇ ಮಾತಾಡಿಕೊಂಡು ಬಂದಿದ್ದರೆಂದು ಕಾಣುತ್ತದೆ, ಒಕ್ಕೊರಲಿನಿಂದ "ರಿಜೆಕ್ಟ್" ಎಂದು ಕೂಗಿದರು.

ನನ್ನ ಕೈ ಮೇಲೆ ಹೋಯಿತು. ಆ ಕೈ ಬೆಳಗ್ಗೆ ಆರರಿಂದ ಅದೇ ಪದಕ್ಕೆ ಅದೇ ಕೆಲಸ ಮಾಡಿತ್ತು. ನಲವತ್ತೆರಡಕ್ಕೆ ಯೋಚಿಸದೆ ಎದ್ದದ್ದು ನಲವತ್ತಮೂರನೆಯದಕ್ಕೆ ಮಾತ್ರ ಯಾಕೆ ತಡೆಯುತ್ತದೆ?

ಗಂಗಾಧರಯ್ಯನವರು ತಮ್ಮ ಬ್ಯಾಟನ್ನು ನೋಡಿಕೊಂಡರು. ನನ್ನನ್ನು ನೋಡಿದರು. ಕುರ್ಚಿಗಳ ಕಡೆ ಮಾತ್ರ ನೋಡಲಿಲ್ಲ. ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಾ ನನ್ನ ಹತ್ತಿರ ಬಂದಾಗ ಒಂದು ಕ್ಷಣ ನಿಂತು, "ಸಂದೇಹ ಇತ್ತೇನಯ್ಯಾ?" ಎಂದರು.

"ಇತ್ತು ಸಾರ್" ಎಂದೆ.

"ಹೂಂ" ಎಂದು ಹೊರಟುಹೋದರು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ. ಕಲಿಸಿದ ಪಾಠವನ್ನು ಶಿಷ್ಯ ಮರೆತಿಲ್ಲವೆಂದು ಗುರುವಿಗೆ ಸಮಾಧಾನವಾಗಿರಬೇಕು ಎಂದು. ಇಷ್ಟು ಓದಿದ ನೀವು ಆಗಲೇ ಗ್ರಹಿಸಿರುವುದು ನನಗೆ ಹೊಳೆಯಲು ಇನ್ನೂ ಎರಡು ವಿಕೆಟ್ ಬೇಕಾದವು. ಎರಡೂ ಎಲ್‌ಬಿಡಬ್ಲ್ಯು, ಎರಡಕ್ಕೂ ನನ್ನ ಕೈಯೇ ಎದ್ದದ್ದು. ಮೊದಲನೆಯವನು ಕ್ರೀಸು ಬಿಟ್ಟು ಕದಲಲಿಲ್ಲ. "ನಮ್ಮಲ್ಲಿ ಎಲ್‌ಬಿ ಇಲ್ಲ ಗುರು" ಎಂದ. "ಎಲ್ಲಿ ಬರೆದಿದೆ" ಎಂದೆ. ನಿಯಮಗಳ ಹಾಳೆಯನ್ನು ತರಿಸಿದರು. ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ನಾನು ಗೆದ್ದೆ, ಅವನು ಹೋದ. ಎರಡನೆಯವನು ಹಾಳೆ ಕೇಳಲಿಲ್ಲ. ಬ್ಯಾಟು ನೆಲಕ್ಕೆ ಊರಿ, ತುಂಬ ಸುಸ್ತಾದ ದನಿಯಲ್ಲಿ, "ಲೋ, ಸಂದೇಹ ಇದ್ರೆ ಬ್ಯಾಟ್ಸ್‌ಮನ್ ಕಡೆ ಕೊಡ್ಬೇಕು ಕಣೋ. ಗಲ್ಲಿಲಿ ಆಡೋ ಹುಡುಗ್ರಿಗೂ ಗೊತ್ತು" ಎಂದ.

ಗೊತ್ತಿರಲಿಲ್ಲವೆಂದಲ್ಲ. ನನಗೂ ಏಳನೆಯ ವಯಸ್ಸಿನಿಂದ ಗೊತ್ತು. ಆದರೆ ಗೊತ್ತಿರುವುದು ತಲೆಯಲ್ಲಿ ಒಂದು ಕಡೆ ಇರುತ್ತದೆ, ಕೈಗೆ ರೂಢಿಯಾದದ್ದು ಇನ್ನೊಂದು ಕಡೆ. ಜಗತ್ತಿನಲ್ಲಿ ಸಂದೇಹಕ್ಕೆ ಎರಡು ಬಗೆಯ ಕಾನೂನಿದೆ: ಶಾಫ್ಟಿಗೊಂದು, ಮನುಷ್ಯರಿಗೊಂದು. ನಾನು ನಮ್ಮ ತಂಡದವರನ್ನು ಮೂರು ಓವರುಗಳ ಕಾಲ ಶಾಫ್ಟುಗಳೆಂದು ಭಾವಿಸಿ ಅಳೆದಿದ್ದೆ. ನಾಲ್ಕನೆಯದು ರನ್‌ಔಟ್. ಅದರಲ್ಲಿ ಯಾವ ಸಂದೇಹವೂ ಇರಲಿಲ್ಲ, ಅವನು ಅರ್ಧ ಪಿಚ್ಚಿನಲ್ಲಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಅದನ್ನೂ ಸಿದ್ದಣ್ಣ ನನ್ನ ತಲೆಗೇ ಕಟ್ಟಿದ್ದಾನೆ.

ಎಂಟನೆಯ ವಿಕೆಟ್ ಬಿದ್ದಾಗ ನಾನು ಪ್ಯಾಡು ಕಟ್ಟಿಕೊಳ್ಳಲು ಹೋದೆ. ನನ್ನ ಜಾಗಕ್ಕೆ ಅಂಪೈರಾಗಿ ಗಂಗಾಧರಯ್ಯನವರು ಕುಂಟುತ್ತಾ ಬಂದು ನಿಂತರು. ಒಂಬತ್ತನೆಯದು ಬೀಳಲು ತಡವಾಗಲಿಲ್ಲ. ನಾನು ಕ್ರೀಸಿಗೆ ಹೋದೆ. ಮಂಜನ ಮೊದಲ ಚೆಂಡು ನನ್ನ ಬ್ಯಾಟಿನ ಅಂಚಿಗೆ ತಾಗಿ ಕೀಪರನ ಕೈಗೆ ಹೋಯಿತು. ಟಿಕ್ ಅಲ್ಲ, ಟಕ್ ಎಂದಿತು. ಕೈ ಜುಮ್ಮೆಂದಿತು. ಪಕ್ಕದ ಶೆಡ್ಡಿನ ಪ್ರೆಸ್ಸು ಆ ಹೊತ್ತಿಗೆ ಶಿಫ್ಟು ಬದಲಿಗಾಗಿ ನಿಂತಿತ್ತು. ಪೀಣ್ಯ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಹಿಂದೆ ಕಂಡಿಲ್ಲ. ಹನ್ನೊಂದು ಜನ "ರಿಜೆಕ್ಟ್" ಎಂದು ಕೂಗಿದರು.

ಗಂಗಾಧರಯ್ಯನವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ತಲೆಯಾಡಿಸಿ, "ನಾಟೌಟ್. ಸಂದೇಹ ಇದೆ" ಎಂದರು.

"ಏನ್ ಸಾರ್, ತುಮಕೂರಿಗೆ ಕೇಳಿಸಿರತ್ತೆ ಅದು" ಎಂದ ಮಂಜ.

"ನಂಗೆ ಕೇಳಿಸಿಲ್ಲಪ್ಪ. ಬಾಲ್ ಹಾಕು ಹೋಗು."

ಸತ್ಯಕ್ಕಾಗಿ ವಾದಿಸುತ್ತೇನೆಂದು ಹೇಳಿಕೊಂಡು ತಿರುಗುವವನು ಆಗ ಏನು ಮಾಡಬೇಕಿತ್ತು? ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡಬೇಕಿತ್ತು. ತಾಗಿದ್ದು ನನಗೆ ಗೊತ್ತಿತ್ತು. ನಾನು ಗ್ಲೌಸಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡೆ. ಪಿಚ್ಚಿನ ಮೇಲೆ ಇಲ್ಲದ ಕಲ್ಲೊಂದನ್ನು ಬ್ಯಾಟಿನ ತುದಿಯಿಂದ ತಳ್ಳಿದೆ. ಇತರರನ್ನು ಅಳೆಯಲು ಜೇಬಿನಲ್ಲಿ ಸದಾ ಸಾಧನ ಇಟ್ಟುಕೊಂಡು ಓಡಾಡುವವನು ತನ್ನನ್ನು ಅಳೆಯುವ ಹೊತ್ತಿನಲ್ಲಿ ಪಿಚ್ಚು ಗುಡಿಸಿದೆ. ಮುಂದಿನ ಚೆಂಡು ಮಧ್ಯದ ಸ್ಟಂಪನ್ನು ಕಿತ್ತು ಹಾಕಿ ಈ ನೈತಿಕ ಸಂಕಟದಿಂದ ನನ್ನನ್ನು ಪಾರುಮಾಡಿತು. ಮೂವತ್ತೇಳಕ್ಕೆ ಆಲ್ ಔಟ್.

ಆಮೇಲೆ ಚಿತ್ರಾನ್ನ. ಸೋತವರಿಗೆ ಹಸಿವು ಹೆಚ್ಚು. ಎಲ್ಲರೂ ಕಾಗದದ ತಟ್ಟೆ ಹಿಡಿದು ಸಾಲು ನಿಂತೆವು. ನನ್ನ ಸರದಿ ಬಂದಾಗ ಸುಮಿತ್ರಮ್ಮನವರು ಚಮಚ ತಡೆದು ನನ್ನ ಮುಖ ನೋಡಿದರು.

"ಇವ್ರಿಗೆ ಕೈ ಎತ್ತಿದ್ದು ನೀನೇ ಏನಪ್ಪಾ?"

"ಹೌದು ಮೇಡಂ."

ತಟ್ಟೆಗೆ ಬೇರೆಯವರಿಗಿಂತ ಒಂದು ಚಮಚ ಹೆಚ್ಚೇ ಹಾಕಿದರು. "ಹದಿನಾರು ವರ್ಷದಿಂದ ಇವ್ರು ಆಟ ಮುಗ್ಸಿ ಮನೆಗೆ ಬಂದ್ರೆ ಎರಡೇ ಮಾತು. ಒಂದಿವ್ಸ ಚೆನ್ನಾಗಿ ಹೊಡ್ದೆ ಅನ್ನೋರು. ಬಾಕಿ ದಿವ್ಸ ಎಲ್ಲಾ, ಅಂಪೈರ್ ಅನ್ಯಾಯ ಮಾಡ್ಬಿಟ್ಟ ಅನ್ನೋರು. ಎಲ್ಲಾ ಬುರುಡೆ ಅಂತ ನಾನೂ ನಗ್ತಿದ್ದೆ. ಇವತ್ತು ಕಣ್ಣಾರೆ ನೋಡಿದ್ನಲ್ಲಪ್ಪ. ಪಾಪ, ಇವ್ರು ಹೇಳ್ತಿದ್ದಿದ್ದು ನಿಜಾನೇ." ಗಂಡನ ಕಡೆ ತಿರುಗಿ, ದನಿ ತಗ್ಗಿಸಿ, "ಬನ್ನಿ, ನೀವೂ ತಿನ್ನಿ, ಕಾಲು ನೋಯ್ತಿದ್ಯಾ" ಎಂದರು.

ನಮ್ಮಲ್ಲಿ ಅಂಪೈರಾಗುವವರು ನಮ್ಮವರೇ ಎಂಬುದು, ಹದಿನಾರು ವರ್ಷದಲ್ಲಿ ಅವರಿಗೆ ಯಾವ ಅಂಪೈರೂ ಬೆರಳು ಕೂಡ ಅಲ್ಲಾಡಿಸಿರಲಿಲ್ಲ ಎಂಬುದು ಆ ತಾಯಿಗೆ ಗೊತ್ತಿರಲಿಲ್ಲ. ಅಲ್ಲಿದ್ದ ಹನ್ನೊಂದು ಜನಕ್ಕೂ ಗೊತ್ತಿತ್ತು. ನನಗೆ ನಾಲಿಗೆಯ ತುದಿಗೆ ಬಂದಿತ್ತು. ಗಂಗಾಧರಯ್ಯನವರು ತಟ್ಟೆಯಿಂದ ಒಂದು ಕಡಲೆಬೀಜವನ್ನು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಾ ನನ್ನನ್ನು ನೋಡಿದರು. ಜೀವನದಲ್ಲಿ ಮೊದಲ ಬಾರಿಗೆ ನಾನು ಎದುರು ಮಾತಾಡದೆ ಚಿತ್ರಾನ್ನ ತಿಂದೆ. ಇಪ್ಪತ್ತು ರನ್ ಹೊಡೆದಿದ್ದರೆ ಅವರಿಗೆ ಆ ಒಂದು ಸಂಜೆಯ ಮಟ್ಟಿಗೆ ಮರ್ಯಾದೆ ಸಿಗುತ್ತಿತ್ತು; ಮೊದಲ ಚೆಂಡಿಗೇ ಔಟಾದದ್ದರಿಂದ ಹದಿನಾರು ವರ್ಷದ್ದೂ ಒಟ್ಟಿಗೆ ಸಿಕ್ಕಿತು.

ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ ಎಂದರೆ ಸುಳ್ಳಾಗುತ್ತದೆ, ಶಿಫ್ಟು ಮುಗಿಸಿದವನಿಗೆ ನಿದ್ದೆ ಬಂದೇ ಬರುತ್ತದೆ. ಆದರೆ ದಾಸರಹಳ್ಳಿಗೆ ಹೋಗುವ ಮೆಟ್ರೋದಲ್ಲಿ ಕಂಬಿ ಹಿಡಿದು ನಿಂತಾಗ ಅದೇ ಲೆಕ್ಕ ತಲೆಯಲ್ಲಿ ಸುತ್ತುತ್ತದೆ. ಗಂಗಾಧರಯ್ಯನವರ ಬ್ಯಾಟಿಗೆ ಚೆಂಡು ತಾಗಿದ್ದರೆ ನನ್ನ ತೀರ್ಪು ಸರಿ, ಸಿದ್ದಣ್ಣನ ಬಾಯಿ ಮುಚ್ಚಿಸಬಹುದು. ಆದರೆ ಅವರಿಗೆ ಮನೆಯಲ್ಲಿ ಈಗಷ್ಟೇ ಸಿಕ್ಕಿರುವ ನಂಬಿಕೆ ಮೊದಲಿಗಿಂತ ದೊಡ್ಡ ಬುರುಡೆಯ ಮೇಲೆ ನಿಂತಿದೆ. ತಾಗಿಲ್ಲದಿದ್ದರೆ ಅವರು ಮನೆಯಲ್ಲಿ ಹೇಳಿದ್ದು ಹದಿನಾರು ವರ್ಷದಲ್ಲಿ ಒಮ್ಮೆಯಾದರೂ ನಿಜ; ಆದರೆ ಅವರ ಕೊನೆಯ ಆಟವನ್ನು ಕೆಂಪು ತೊಟ್ಟಿಗೆ ಹಾಕಿದವನು ನಾನು. ಚರ್ಚಾಸ್ಪರ್ಧೆಯಲ್ಲಾದರೆ ವಿರುದ್ಧದ ಕಡೆ ಎಂದು ಬರೆಸಿಬಿಡುತ್ತಿದ್ದೆ; ಇಲ್ಲಿ ಎರಡು ಕಡೆಯೂ ನನಗೇ ವಿರುದ್ಧ.

ನಿನ್ನೆ ಬೆಳಗ್ಗೆ ಅವರ ಕೋಣೆಗೆ ಹೋದೆ. ಅವರು ಒಬ್ಬರೇ ಇದ್ದರು. ಬನಿಯನ್ ಬಟ್ಟೆಯ ಚೂರಿನಿಂದ ಒಂದೊಂದೇ ಗೇಜನ್ನು ಒರೆಸಿ, ಎಣ್ಣೆ ಸವರಿ, ಪೆಟ್ಟಿಗೆಯಲ್ಲಿಡುತ್ತಿದ್ದರು. ನಾನು ಬಾಗಿಲು ಮುಂದಕ್ಕೆ ಮಾಡಿದೆ. ಅವರು ತಲೆಯೆತ್ತಲಿಲ್ಲ. ಇನ್ನೊಂದು ಗೇಜನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ತೀರಾ ಸಾವಧಾನದಿಂದ ಒರೆಸತೊಡಗಿದರು. ನಾನು ಅವರ ಮೇಜಿನ ಎದುರು ನಿಂತು ಕೇಳಿದೆ:

"ಸಾರ್, ಯಾರಿಗೂ ಹೇಳಲ್ಲ. ಆ ಬಾಲು ನಿಮ್ ಬ್ಯಾಟಿಗೆ ತಾಗಿತ್ತಾ?"